ಅಪ್ಪ ಕೂತು ಕೇಳಿದ ಪಾಠಗಳು

ಕೊಲ್ಲಿಯ ಅಲ್ ಮುರಕ್ಕಬಾತ್ ಬಡಾವಣೆಯ ನಮ್ಮ ಮನೆಯಲ್ಲಿ ಎರಡು ಕೋಣೆಗಳಿದ್ದವು. ಒಂದು ನಮ್ಮದು. ಇನ್ನೊಂದರಲ್ಲಿ ಉಳ್ಳಾಲದ ಜುಬೇದಾ ಆಂಟಿ, ಅವರ ಗಂಡ ಮತ್ತು ನನ್ನದೇ ವಯಸ್ಸಿನ ಮಗಳು ಶಾಹಿದಾ ಇದ್ದರು. ಅಡುಗೆಮನೆ, ಬಚ್ಚಲು, ಬಟ್ಟೆ ಒಣಗಿಸುವ ಬಾಲ್ಕನಿ ಎರಡೂ ಸಂಸಾರಗಳಿಗೆ ಸೇರಿದ್ದವು. ಅಡುಗೆಮನೆಯ ಆ ಗೋಡೆಗೊಂದು ಈ ಗೋಡೆಗೊಂದು ಗ್ಯಾಸ್ ಒಲೆ. ನಮ್ಮ ಒಲೆಯ ಮೇಲೆ ಮೀನು ಬೇಯುತ್ತಿರಲಿಲ್ಲ. ಅಪ್ಪ ಗದಗಿನ ಕಡೆಯವನು, ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಹುಟ್ಟಿದವನು. ಅಮ್ಮ ಪುತ್ತೂರಿನವಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ, ಕೈ ಜಜ್ಜಿಕೊಂಡು ಬಂದ ಲಾರಿ ಮೆಕ್ಯಾನಿಕ್ ಒಬ್ಬನ ಗಾಯಕ್ಕೆ ದಿನ ಬಿಟ್ಟು ದಿನ ಪಟ್ಟಿ ಕಟ್ಟಿ, ಗಾಯ ಮಾಯುವ ಹೊತ್ತಿಗೆ ಅವನನ್ನೇ ಮದುವೆಯಾಗಲು ಒಪ್ಪಿದ್ದಳು. ಶುಕ್ರವಾರ ಮಧ್ಯಾಹ್ನ ಜುಬೇದಾ ಆಂಟಿಯ ಒಲೆಯ ಮೇಲೆ ಬಂಗುಡೆ ಸಾರು ಕುದಿಯುವಾಗ ಅಮ್ಮ ಅವರ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಉಂಡು, ಬಾಯಿ ಮುಕ್ಕಳಿಸಿ ಬರುತ್ತಿದ್ದಳು. ಅಪ್ಪ ರೊಟ್ಟಿ ಮುರಿಯುತ್ತ, ನಗು ತಡೆದುಕೊಂಡು, “ಇವತ್ತ ಯಾವ ಮೀನ?” ಎಂದು ಕೇಳುತ್ತಿದ್ದ. ಅಮ್ಮ ಹೆಸರು ಹೇಳುತ್ತಿದ್ದಳು. ಅಪ್ಪ ತಿಳಿದವನ ಹಾಗೆ ತಲೆಯಾಡಿಸುತ್ತಿದ್ದ.

ನಮ್ಮ ಕೋಣೆಯಲ್ಲಿ ಒಂದು ಮಂಚ, ಅದರ ಕೆಳಗೆ ಸುತ್ತಿಟ್ಟ ನನ್ನ ಹಾಸಿಗೆ, ಒಂದು ಕಪಾಟು, ಕಿಟಕಿಯಲ್ಲಿ ಗುಡುಗುಡು ಎನ್ನುವ ಹಳೆಯ ಏಸಿ. ಅದರ ಸದ್ದನ್ನು ಮೀರಿ ಮಾತಾಡಿ ಮಾತಾಡಿ ನಮ್ಮ ಮನೆಯವರ ದನಿಯೆಲ್ಲ ದೊಡ್ಡದಾಯಿತು. ನನ್ನ ಓದುವ ಮೇಜನ್ನು ಅಪ್ಪನೇ ಮಾಡಿದ್ದ. ರಾಸ್ ಅಲ್ ಖೋರಿನ ಗ್ಯಾರೇಜಿಗೆ ಎಂಜಿನ್ನಿನ ಭಾಗಗಳು ಬರುತ್ತಿದ್ದ ಮರದ ಪೆಟ್ಟಿಗೆಯೊಂದನ್ನು ತಂದು, ಉಜ್ಜಿ ನುಣುಪು ಮಾಡಿ, ಮೇಲೆ ಸನ್ಮೈಕಾ ಅಂಟಿಸಿದ್ದ. ನಾನು ಒಂದು ಕಡೆ ಕಾಲು ಮಡಚಿ ಕೂರುತ್ತಿದ್ದೆ. ಎದುರಿಗೆ ಒಂದು ಪ್ಲಾಸ್ಟಿಕ್ ಸ್ಟೂಲು ಇರುತ್ತಿತ್ತು.

ಆಗ ನಾನು ಓದುತ್ತಿದ್ದದ್ದು ಹಳೆಯ ವಿಲ್ಲಾ ಒಂದರಲ್ಲಿ ನಡೆಯುತ್ತಿದ್ದ ಸಣ್ಣ ಶಾಲೆಯಲ್ಲಿ. ಅಲ್ಲಿ ಆರನೇ ತರಗತಿಯವರೆಗೆ ಮಾತ್ರ ಇತ್ತು. ಮುಂದೆ ಎಲ್ಲಿಗೆ ಎಂಬ ಮಾತು ಆ ಚಳಿಗಾಲವಿಡೀ ನಮ್ಮ ಮನೆಯಲ್ಲಿ ನಡೆಯಿತು. ಶಾಹಿದಾ ಆಗಲೇ ಊರಿನ ದೊಡ್ಡ ಇಂಡಿಯನ್ ಶಾಲೆಯಲ್ಲಿದ್ದಳು. ಅಲ್ಲಿ ಹುಡುಗಿಯರಿಗೆ ಬೆಳಗಿನ ಪಾಳಿ. ಒಂದೂವರೆಗೆಲ್ಲ ಮನೆಗೆ ಬಂದು ಕಾಲು ಚಾಚಿ ಕೂರುತ್ತಿದ್ದಳು. ಒಂದೊಂದು ತರಗತಿಯಲ್ಲಿ ಮಕ್ಕಳು ಗಿಜಿಗಿಜಿ, ಟೀಚರಿಗೆ ಎಲ್ಲರ ಹೆಸರೂ ಗೊತ್ತಿರುವುದಿಲ್ಲ ಎಂದು ಅಮ್ಮನ ದೂರು. ಅಮ್ಮನ ಕಣ್ಣಿದ್ದದ್ದು ಊರ ಹೊರಗಿನ ಒಂದು ಹೊಸ ಶಾಲೆಯ ಮೇಲೆ. ಅಲ್ಲಿಗೆ ಪರೀಕ್ಷೆ ಬರೆದು ಪಾಸಾಗಬೇಕು, ಆಮೇಲೆ ಅಪ್ಪ ಅಮ್ಮನ ಸಂದರ್ಶನ. ಬೆಳಿಗ್ಗೆ ಬೇಗ ಶುರುವಾಗಿ ಸಂಜೆಯವರೆಗೆ ಪಾಠ, ದಿನಾ ರಾಶಿ ಮನೆಗೆಲಸ, ತಡವಾಗಿ ಬಂದರೆ ಮನೆಗೆ ಚೀಟಿ. ಅಲ್ಲಿ ಓದಿದವರು ಹಿಂದೆ ಬೀಳುವುದಿಲ್ಲ ಎಂದು ಅಮ್ಮನ ಕ್ಲಿನಿಕ್ಕಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಮೂರನೆಯ ದಾರಿ ಧಾರವಾಡದ್ದು. ಅಲ್ಲಿ ನನ್ನ ಸೋದರತ್ತೆ ಇದ್ದಳು, ಅವಳ ಮನೆಯ ಹಿಂದೆಯೇ ಹೈಸ್ಕೂಲಿತ್ತು. ಕೊಲ್ಲಿಯಲ್ಲಿದ್ದ ಎಷ್ಟೋ ಮನೆಗಳ ಮಕ್ಕಳು ಆ ವಯಸ್ಸಿಗೆ ಹಾಗೆಯೇ ವಿಮಾನ ಹತ್ತಿ ಊರಿಗೆ ಹೋಗುತ್ತಿದ್ದರು.

“ಆ ಹೊಸ ಶಾಲೆಗೇ ಹಾಕುವ,” ಎಂದಳು ಅಮ್ಮ. “ಅಲ್ಲಿ ಕಲ್ತ ಮಕ್ಕಳು ಡಾಕ್ಟರ ಹತ್ರ ಹೇಗೆ ಮಾತಾಡ್ತಾರೆ ಗೊತ್ತುಂಟಾ? ಕುರ್ಚಿಯಲ್ಲಿ ಕೂತು ಮಾತಾಡ್ತಾರೆ. ನಾನು ಇಷ್ಟು ವರ್ಷ ನಿಂತೇ ಮಾತಾಡಿದ್ದು.”

“ಹನ್ನೆರಡು ವರ್ಷದ ಕೂಸು ಅದು. ನಸುಕಿನ್ಯಾಗ ಆರಕ್ಕ ಬಸ್ಸು, ಸಂಜೀಕ ಐದಕ್ಕ ವಾಪಸ್. ನಮ್ಮ ಗ್ಯಾರೇಜಿನ ಡ್ಯೂಟಿನೂ ಇಷ್ಟ ಐತಿ,” ಎಂದ ಅಪ್ಪ.

“ಹಾಗಾದ್ರೆ ಎಂತ ಮಾಡುವುದು? ಧಾರವಾಡಕ್ಕೆ ಕಳಿಸುವುದಾ?”

“ನಮ್ಮ ಅಕ್ಕ ಮಗಳಂಗ ನೋಡಿಕೋತಾಳ.”

“ಅವರು ಇವಳನ್ನು ನೋಡಿಕೊಳ್ತಾರೆ. ನಾನು ಯಾರನ್ನು ನೋಡುವುದು?”

ಅಪ್ಪ ಮತ್ತೆ ಧಾರವಾಡದ ಹೆಸರೆತ್ತಲಿಲ್ಲ. ಅಡುಗೆಮನೆಯಿಂದ ಜುಬೇದಾ ಆಂಟಿ ಸೌಟು ಹಿಡಿದುಕೊಂಡೇ ಬಂದು ತೀರ್ಪು ಕೊಟ್ಟರು:

“ನಮ್ಮ ಶಾಲೆಗೇ ಹಾಕು ಮಾರಾಯ್ತಿ. ಇಬ್ರೂ ಒಟ್ಟಿಗೆ ಹೋಗ್ತಾರೆ, ಒಟ್ಟಿಗೆ ಬರ್ತಾರೆ. ಖಲಾಸ್!”

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೊಸ ಶಾಲೆಯೇ ಎನ್ನುತ್ತಿದ್ದೆ. ಪರೀಕ್ಷೆ ಬರೆಯಲು ಹೋದ ದಿನ ಅಲ್ಲಿನ ಲೈಬ್ರರಿ ನೋಡಿದ್ದೆ. ನೆಲಕ್ಕೆ ಹಸಿರು ಕಾರ್ಪೆಟ್, ಶೂ ಬಿಚ್ಚಿ ಒಳಗೆ ಹೋಗಬೇಕು. ಪರೀಕ್ಷೆಯಲ್ಲಿ ಪಾಸಾದೆ. ಸಂದರ್ಶನಕ್ಕೆ ಮೂವರೂ ಹೋದೆವು. ಅಪ್ಪ ಮದುವೆಯ ಮನೆಗೆ ಹೊರಟವನ ಹಾಗೆ ಇಸ್ತ್ರಿಯ ಅಂಗಿ ತೊಟ್ಟಿದ್ದ. ಉಗುರಿನ ಸಂದಿಯ ಮಸಿ ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ, ಕೈಗಳನ್ನು ಮೇಜಿನ ಕೆಳಗೇ ಇಟ್ಟುಕೊಂಡು ಕೂತಿದ್ದ. ಪ್ರಿನ್ಸಿಪಾಲರು ಬಿಳಿಗೂದಲಿನ, ಮೆಲುದನಿಯ ಹೆಂಗಸು. ಒಂದು ಕಾಗದವನ್ನು ನಮ್ಮ ಮುಂದಿಟ್ಟು, ಇದು ಪಾಲಕರು ಶಾಲೆಗೆ ಕೊಡುವ ಮಾತು ಎಂದರು. ಮುಖ್ಯ ಷರತ್ತು ಒಂದೇ: ಪ್ರತಿದಿನ ಒಂದು ತಾಸು ಅಪ್ಪನೋ ಅಮ್ಮನೋ ಮಗುವಿನ ಜೊತೆ ಕೂತು ಓದಿಸಿ, ಡೈರಿಗೆ ಸಹಿ ಹಾಕಿ ಕಳಿಸಬೇಕು. ಅಮ್ಮನ ಮುಖ ಬಾಡಿತು. ಕ್ಲಿನಿಕ್ಕಿನಲ್ಲಿ ಅವಳದು ಎರಡು ಹೊತ್ತಿನ ಕೆಲಸ, ಸಂಜೆ ಐದರಿಂದ ಒಂಬತ್ತರವರೆಗೆ ಅವಳು ಮನೆಯಲ್ಲಿರುತ್ತಿರಲಿಲ್ಲ.

“ಹಾಗಾದರೆ ಯಾರು ಕೂರುತ್ತಾರೆ?” ಎಂದು ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಕೇಳಿದರು. ಅಮ್ಮ ಅಪ್ಪನ ಕಡೆ ತಿರುಗಿ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಪ್ಪ ಲಾರಿ ಡ್ರೈವರುಗಳ ಜೊತೆ ಕಲಿತ ತನ್ನ ಹಿಂದಿಯಲ್ಲಿ ಉತ್ತರ ಕೊಟ್ಟ:

“ಮೈ ಬೈಠೂಂಗಾ, ಮೇಡಮ್. ನಾನು ಕೂಡ್ತೀನಿ.”

ಅಪ್ಪ ಓದಿದ್ದು ಏಳನೇ ತರಗತಿಯವರೆಗೆ, ಅದೂ ಊರ ಕನ್ನಡ ಶಾಲೆಯಲ್ಲಿ. ಇಂಗ್ಲಿಷಿನಲ್ಲಿ ಅವನಿಗೆ ಓದಲು ಬರುತ್ತಿದ್ದದ್ದು ಗ್ಯಾಸ್ಕೆಟ್, ಬೇರಿಂಗ್, ಪಿಸ್ಟನ್ ರಿಂಗ್ ಇಂಥವಷ್ಟೇ. ಕಾಗದದ ಕೊನೆಯಲ್ಲಿ ಅವನು ದೊಡ್ಡ ‘ಬ’ ಬರೆದು, ಒಂದೊಂದೇ ಅಕ್ಷರ ದುಂಡಗೆ ಕೂರಿಸಿ, ‘ಬಸವರಾಜ’ ಎಂದು ಸಹಿ ಮಾಡಿದ. ಪ್ರಿನ್ಸಿಪಾಲರು ಆ ಸಹಿಯನ್ನು ತುಸು ಹೊತ್ತು ನೋಡಿ, ಕಾಗದವನ್ನು ಕಡತದಲ್ಲಿಟ್ಟರು. ಏಪ್ರಿಲಿನಲ್ಲಿ ನಾನು ಅಲ್ಲಿ ಏಳನೇ ತರಗತಿಗೆ ಸೇರಿದೆ.

ಅಪ್ಪ ಕೊಟ್ಟ ಮಾತಿನಂತೆ ಕೂತ. ಆರು ಗಂಟೆಗೆ ಗ್ಯಾರೇಜಿನಿಂದ ಬಂದು, ಬಟ್ಟೆ ಒಗೆಯುವ ಪುಡಿಯಿಂದ ಮೊಣಕೈತನಕ ತಿಕ್ಕಿ ತೊಳೆದು, ಎರಡು ಲೋಟ ಚಹಾ ಮಾಡಿ ತಂದು ಆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುತ್ತಿದ್ದ. ನಾನು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವನಿಗೆ ಅದು ಅರ್ಥವಾಗುತ್ತಿರಲಿಲ್ಲ. ಆದರೆ ಪುಸ್ತಕ ನೋಡದೆ ನನ್ನ ಮುಖವನ್ನೇ ನೋಡುತ್ತ, ಎಲ್ಲಿ ನಾನು ತಡವರಿಸಿದೆ, ಎಲ್ಲಿ ಬೇಗ ಬೇಗ ದಾಟಿಸಿದೆ ಎಂದು ಪತ್ತೆ ಹಚ್ಚುತ್ತಿದ್ದ.

“ಇಲ್ಲಿ ಸ್ವಲ್ಪ ಎಂಜಿನ್ನಿನಂಗ ಮಿಸ್ ಹೊಡೀತು ನೋಡು. ನಿನಗ ತಿಳೀತೇನು ಅದು?”

“ಹೂಂ, ತಿಳೀತು.”

“ಹಂಗಾರ ನನಗ ಹೇಳು. ನನಗ ತಿಳಿಯೂ ಹಂಗ ಹೇಳು.”

ಹಾಗೆ ನಾನು ಪಾಠವನ್ನೆಲ್ಲ ಕನ್ನಡದಲ್ಲಿ ಹೇಳತೊಡಗಿದೆ. ಸಿಗದ ಪದಗಳಿಗೆ ತಡಕಾಡುತ್ತಿದ್ದೆ. ಹೃದಯದ ಪಾಠ ಬಂದ ದಿನ ಅಪ್ಪನ ಕಣ್ಣು ಅರಳಿದ್ದು ಚೆನ್ನಾಗಿ ನೆನಪಿದೆ. ಪಂಪು, ಕೊಳವೆ, ವಾಲ್ವು. ಅವನ ಪ್ರಪಂಚ ನನ್ನ ಪುಸ್ತಕದೊಳಕ್ಕೆ ಬಂದುಬಿಟ್ಟಿತ್ತು. “ವಾಲ್ವು ಐತಿ ಅಂದ್ಯಲ್ಲವಾ, ಅದು ಸೋರಿದ್ರ ಏನಾಗತೈತಿ?” ಎಂದು ಕೇಳಿದ. ಪುಸ್ತಕದಲ್ಲಿ ಅದಿರಲಿಲ್ಲ. ಮರುದಿನ ಕ್ಲಾಸಿನಲ್ಲಿ ಕೈ ಎತ್ತಿ ಕೇಳಿದೆ. ವಿಜ್ಞಾನದ ಟೀಚರ್ ಅರ್ಧ ಪೀರಿಯಡ್ ಅದನ್ನೇ ವಿವರಿಸಿದರು. ಇವತ್ತು ನಾನು ಅಬುಧಾಬಿಯ ಆಸ್ಪತ್ರೆಯಲ್ಲಿ, ಭಾಷೆ ಬಾರದ ರೋಗಿಗಳ ಮಾತನ್ನು ವೈದ್ಯರಿಗೂ ವೈದ್ಯರ ಮಾತನ್ನು ಅವರಿಗೂ ತಿಳಿಸುವ ಕೆಲಸದಲ್ಲಿದ್ದೇನೆ. ಆ ಕೆಲಸದ ತರಬೇತಿ ಎಲ್ಲಿ ಆಯಿತು ಎಂದು ಯಾರಾದರೂ ಕೇಳಿದರೆ ಪ್ರಮಾಣಪತ್ರದಲ್ಲಿರುವ ಸಂಸ್ಥೆಯ ಹೆಸರನ್ನೇ ಹೇಳುತ್ತೇನೆ. ನಿಜವಾಗಿ ಅದು ಆದದ್ದು ಆ ಪೆಟ್ಟಿಗೆಯ ಮೇಜಿನ ಮುಂದೆ.

ಜುಲೈ-ಆಗಸ್ಟಿನ ಬೇಸಿಗೆ ರಜೆ ಮುಗಿದ ಮೇಲೆ ಎಲ್ಲ ಹಾಳಾಯಿತು. ಒಂದು ದಿನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ನನ್ನ ಡೈರಿ ತಿರುವಿ ಹಾಕಿ, ಇದೇನು ಚಿತ್ರವಾ ಎಂದಳು. ನಮ್ಮಪ್ಪನ ಸಹಿ ಎಂದೆ. “ನಿಮ್ಮಪ್ಪನಿಗೆ ಇಂಗ್ಲಿಷ್ ಬರುವುದಿಲ್ಲವಾ?” ಎಂದು ಕೇಳಿದಳು. ಅವಳು ಹೀಯಾಳಿಸಲಿಲ್ಲ, ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಅದೇ ನನಗೆ ಹೆಚ್ಚು ಚುಚ್ಚಿತು. “ಬರುತ್ತದೆ, ತಮಾಷೆಗೆ ಹೀಗೆ ಬರೆಯುತ್ತಾರೆ,” ಎಂದೆ. ಮಾರನೆಯ ದಿನದ ಡೈರಿಗೆ ಬಸ್ಸಿನಲ್ಲಿ ಕೂತು ನಾನೇ ಇಂಗ್ಲಿಷಿನಲ್ಲಿ ‘ಬಿ. ರಾಜ್’ ಎಂದು ಓರೆಯಾಗಿ ಬರೆದು ಕೆಳಗೊಂದು ಗೆರೆ ಎಳೆದೆ. ಅಪ್ಪನಿಗೆ, ಇನ್ನು ಸಹಿ ಬೇಕಿಲ್ಲವಂತೆ ಎಂದು ಹೇಳಿದೆ. ಅವನು ನಂಬಿದ. ಆದರೂ ಸ್ಟೂಲು ಎಳೆದುಕೊಂಡು ಕೂರಲು ಬಂದ. ನಾನು ಪುಸ್ತಕ ನನ್ನ ಕಡೆಗೆ ತಿರುಗಿಸಿಕೊಂಡೆ.

“ಅಪ್ಪಾ, ನಾ ಒಬ್ಬಾಕೀನ ಓದ್ತೀನಿ. ನಿನಗ ಹೇಳಕೋತ ಕೂತ್ರ ಹೋಮ್‌ವರ್ಕ್ ಮುಗಿಯೂದಿಲ್ಲ.”

ಅವನು ತನ್ನ ಚಹಾ ಲೋಟ ತೆಗೆದುಕೊಂಡು ಬಾಲ್ಕನಿಗೆ ಹೋದ. ಮಗಳನ್ನು ಯಾಕೆ ಓದಿಸುತ್ತಿಲ್ಲ ಎಂದು ಅಮ್ಮ ಕೇಳಿದಾಗ, “ಆಕಿ ದೊಡ್ಡಾಕಿ ಆಗ್ಯಾಳ,” ಎಂದು ಹೆಮ್ಮೆಯಿಂದಲೇ ಹೇಳಿದ. ಸುಮಾರು ಎರಡು ತಿಂಗಳು ಅವನು ಒಣಗಿದ ಬಟ್ಟೆಗಳ ನಡುವೆ ಕೂತು, ಕೆಳಗೆ ರಸ್ತೆಯ ಗಾಡಿಗಳನ್ನು ನೋಡುತ್ತ ಚಹಾ ಕುಡಿದ.

ಒಂದು ಬುಧವಾರ ಬೆಳಿಗ್ಗೆ ನನ್ನನ್ನು ಕ್ಲಾಸಿನಿಂದ ಕರೆದೊಯ್ದರು. ಪ್ರಿನ್ಸಿಪಾಲರ ಮೇಜಿನ ಮೇಲೆ ನನ್ನ ಡೈರಿ, ಪಕ್ಕದಲ್ಲಿ ಅಪ್ಪ ಸಹಿ ಮಾಡಿದ್ದ ಆ ಕಾಗದ. ಸ್ವಲ್ಪ ಹೊತ್ತಿಗೆ ಅಪ್ಪ ಬಂದ, ಬಟ್ಟೆ ಬದಲಿಸಲು ಸಮಯ ಸಿಗದೆ ಗ್ಯಾರೇಜಿನ ನೀಲಿ ಬಟ್ಟೆಯಲ್ಲೇ. ಕುರ್ಚಿಗೆ ಎಣ್ಣೆ ಹತ್ತೀತೆಂದು ಕೂರಲಿಲ್ಲ. ಪ್ರಿನ್ಸಿಪಾಲರು ಡೈರಿ ತೆರೆದು ಅವನ ಮುಂದೆ ಹಿಡಿದು, ಇದು ನಿಮ್ಮ ಸಹಿಯೇ ಎಂದು ಹಿಂದಿಯಲ್ಲಿ ಕೇಳಿದರು. ಅಪ್ಪ ಒಂದು ಪುಟ ನೋಡಿದ. ಹಾಳೆ ತಿರುವಿದ. ಇನ್ನೊಂದು ಹಾಳೆ ತಿರುವಿದ. ನನ್ನ ಕಡೆ ನೋಡಲಿಲ್ಲ.

“ಹೌದು ಮೇಡಮ್. ನನ್ನದೇ.”

“ಮತ್ತೆ ಈ ಕಾಗದದ ಮೇಲಿರುವುದು?”

“ಅದೂ ನನ್ನದೇ. ಆಗ ಇಂಗ್ಲಿಷ್ ಬರುತ್ತಿರಲಿಲ್ಲ. ಈಗ ಮಗಳ ಜೊತೆ ಕೂತು ಕಲಿತೆ.”

ಪ್ರಿನ್ಸಿಪಾಲರು ಒಂದು ಖಾಲಿ ಹಾಳೆಯನ್ನೂ ಪೆನ್ನನ್ನೂ ಅವನ ಕಡೆ ತಳ್ಳಿದರು. ಅಪ್ಪ ಬಗ್ಗಿದ. ಯಂತ್ರದ ಭಾಗಗಳನ್ನು ಒಮ್ಮೆ ನೋಡಿ ನೆನಪಿಟ್ಟುಕೊಳ್ಳುವ ಅವನ ಕಣ್ಣು ನನ್ನ ಅಕ್ಷರಗಳನ್ನೂ ನೆನಪಿಟ್ಟುಕೊಂಡಿತ್ತೇನೋ. ‘ಬಿ’ಯನ್ನು ಚಿತ್ರ ಬಿಡಿಸುವ ಹಾಗೆ ಬರೆದ. ಒಂದು ಚುಕ್ಕೆ ಇಟ್ಟ. ಮುಂದಿನ ಅಕ್ಷರ ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿಯದೆ ಪೆನ್ನಿನ ತುದಿ ಕಾಗದದ ಮೇಲೆ ಗಾಳಿಯಲ್ಲಿ ನಿಂತಿತು. ನನಗೆ ನೋಡಲಾಗಲಿಲ್ಲ.

“ಬ್ಯಾಡಪ್ಪಾ, ಬರೀಬ್ಯಾಡ,” ಎಂದೆ. ಆ ಶಾಲೆಯ ಗೋಡೆಗಳೊಳಗೆ ನಾನು ಕನ್ನಡ ಮಾತಾಡಿದ್ದು ಅದೇ ಮೊದಲು. ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, ಎಲ್ಲ ನಾನೇ ಬರೆದದ್ದು, ಅಪ್ಪನಿಗೆ ಏನೂ ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಅಳುತ್ತ ಹೇಳಿದೆ. ಯಾಕೆ ಎಂದು ಅವರು ಕೇಳಿದರು. ಅಪ್ಪನಿಗೂ ತಿಳಿಯುವ ಹಾಗೆ ಹಿಂದಿಯಲ್ಲಿ, ಅವನ ಸಹಿ ತೋರಿಸಲು ನಾಚಿಕೆಯಾಯಿತು ಎಂದೆ. ಅವರು ಡೈರಿ ಮುಚ್ಚಿದರು. ನಿಯಮದ ಪ್ರಕಾರ ಮೂರು ದಿನ ಮನೆಯಲ್ಲಿರಬೇಕು, ಇನ್ನೊಮ್ಮೆ ಹೀಗಾದರೆ ಸೀಟು ಹೋಗುತ್ತದೆ, ಶಾಲೆಯಲ್ಲಿ ಮುಂದುವರಿಸುವುದೋ ಬಿಡುವುದೋ ಮನೆಯಲ್ಲಿ ಮಾತಾಡಿ ಎಂದರು. ಅಪ್ಪನ ಕನ್ನಡ ಸಹಿಯಿದ್ದ ಕಾಗದವನ್ನು ಎರಡು ಕೈಯಲ್ಲಿ ಎತ್ತಿ ಮತ್ತೆ ಕಡತದಲ್ಲಿಟ್ಟರು.

ಗ್ಯಾರೇಜಿನ ಪಿಕಪ್‌ನಲ್ಲಿ ಅಪ್ಪ ನನ್ನನ್ನು ಮನೆಗೆ ಕರೆದೊಯ್ಯಲಿಲ್ಲ. ಅರ್ಧಕ್ಕೆ ಬಿಟ್ಟು ಬಂದ ಕೆಲಸವಿತ್ತು, ನೇರ ರಾಸ್ ಅಲ್ ಖೋರಿಗೆ ಹೋದೆವು. ನಾನು ಅವನ ಗ್ಯಾರೇಜ್ ನೋಡಿದ್ದು ಅವತ್ತೇ. ತಗಡಿನ ಮಾಡು, ಸುಟ್ಟ ಎಣ್ಣೆಯ ವಾಸನೆ, ಬಾಯಿ ತೆರೆದು ನಿಂತ ಲಾರಿಗಳು. ಬಾಗಿಲಲ್ಲಿ ಕಾಯುತ್ತಿದ್ದ ಎತ್ತರದ ಪಠಾಣ ಡ್ರೈವರ್ “ಉಸ್ತಾದ್, ಉಸ್ತಾದ್” ಎನ್ನುತ್ತ ಓಡಿ ಬಂದ. ಅಪ್ಪ ಎಂಜಿನ್ ಶುರು ಮಾಡಿಸಿ, ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದ. ಸುತ್ತ ನಿಂತವರೆಲ್ಲ ಮಾತು ನಿಲ್ಲಿಸಿದರು. ತುದಿಯನ್ನು ಇನ್ನೊಂದು ಕಡೆಗಿಟ್ಟ, ಮತ್ತೆ ಕೇಳಿದ. ಆಮೇಲೆ ಎರಡೇ ಮಾತು ಹೇಳಿದ; ಅವರು ಅದೇ ಜಾಗ ಬಿಚ್ಚಲು ಶುರು ಮಾಡಿದರು. ದಿನಾ ಸಂಜೆ ನನ್ನೆದುರು ಕೂತು ಅವನು ಇದನ್ನೇ ಮಾಡುತ್ತಿದ್ದ ಎಂದು ನನಗೆ ಆಗ ಹೊಳೆಯಿತು. ಸ್ಟೂಲಿನ ಮೇಲೆ ಕೂತ ಆ ಮನುಷ್ಯನನ್ನು ಏನೂ ತಿಳಿಯದವನು ಎಂದುಕೊಂಡಿದ್ದೆ.

ಶುಕ್ರವಾರ ಊಟಕ್ಕೆ ಕೂತಾಗ ಜಗಳವಾಯಿತು. ಆ ದಿನ ಅಮ್ಮ ಜುಬೇದಾ ಆಂಟಿಯ ಕೋಣೆಗೆ ಹೋಗಿರಲಿಲ್ಲ. ನಮ್ಮ ಜೊತೆಗೇ ರೊಟ್ಟಿ, ಬದನೇಕಾಯಿ ಪಲ್ಯ ಹಾಕಿಕೊಂಡು, ಒಂದು ತುತ್ತೂ ತಿನ್ನದೆ ಕೂತಿದ್ದಳು.

“ತಪ್ಪು ನನ್ನದೇ. ಕುರ್ಚಿಯಲ್ಲಿ ಕೂತು ಮಾತಾಡ್ಲಿಕ್ಕೆ ಕಲೀಲಿ ಅಂತ ಕಳಿಸಿದ್ದು. ಅಪ್ಪನನ್ನು ನಿಲ್ಲಿಸ್ಲಿಕ್ಕೆ ಕಲ್ತು ಬಂದ್ಳು,” ಎಂದಳು. “ಬೇಡ ಆ ಶಾಲೆ. ನಾಳೆಯೇ ಬಿಡಿಸುವ. ಬೇಕಾದ್ರೆ ಧಾರವಾಡಕ್ಕೇ ಕಳಿಸಿ, ನಾನು ಬಾಯಿ ಮುಚ್ಚಿ ಕೂತ್ಕೊಳ್ತೇನೆ.”

“ಸಾಲೀನ್ನ ಬೈಬ್ಯಾಡ ಶಾಲಿನೀ,” ಎಂದ ಅಪ್ಪ. ಮೊದಲಿನಿಂದ ಆ ಶಾಲೆ ಬೇಡ ಎಂದವನೇ ಈಗ ಅದರ ಪರ ಮಾತಾಡುತ್ತಿದ್ದ. “ಆ ಮೇಡಮ್ಮಾರು ಚಲೋ ಮನಶ್ಯಾರು. ಅವರು ಕಲಿಸಿದ್ದಲ್ಲ ಇದು.”

“ಮತ್ತೆ ನಾವು ಕಲಿಸಿದ್ದಾ?”

ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಆಮೇಲೆ ಅಪ್ಪ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ, “ಆಕೀನ್ನ ಕೇಳು,” ಎಂದ. ನನ್ನ ಶಾಲೆಯ ವಿಷಯದಲ್ಲಿ ಮೊದಲ ಸಲ ಇಬ್ಬರೂ ನನ್ನ ಮುಖ ನೋಡಿದರು. ಶಾಹಿದಾಳ ಶಾಲೆಗೆ ಹೋಗುತ್ತೇನೆ ಎಂದೆ.

“ಆ ಸಾಲಿ ಚಲೋ ಅಂತ ಹೊಂಟಿಯೋ, ಇಲ್ಲಿ ಮಾರಿ ತೋರಸಾಕ ಆಗವಲ್ದು ಅಂತ ಹೊಂಟಿಯೋ?”

ನಾನು ರೊಟ್ಟಿಯ ಅಂಚನ್ನು ಸಣ್ಣಗೆ ಮುರಿಯತೊಡಗಿದೆ.

“ಹಂಗಾರ ಮಾರ್ಚ್‌ತನಕ ಹೋಗವ್ವಾ. ತಲಿ ಎತ್ತಿಕೊಂಡು ಹೋಗು. ಆಮ್ಯಾಲೂ ಬ್ಯಾಡ ಅನಿಸಿದ್ರ ನಾನ ಬಂದು ಬಿಡಿಸಿಕೊಂಡು ಬರ್ತೀನಿ.”

ಹೋದೆ. ಡೈರಿಯಲ್ಲಿ ಮತ್ತೆ ‘ಬಸವರಾಜ’ ಕಾಣಿಸಿಕೊಂಡಿತು. ಪಕ್ಕದ ಹುಡುಗಿಗೆ, ಇದು ಕನ್ನಡ, ನಮ್ಮಪ್ಪನಿಗೆ ಬರುವುದು ಇದೇ ಎಂದೆ. ಅವಳು ತನ್ನ ಹೆಸರನ್ನೂ ಆ ಲಿಪಿಯಲ್ಲಿ ಬರೆಸಿಕೊಂಡು ಪೆನ್ಸಿಲ್ ಡಬ್ಬಿಗೆ ಅಂಟಿಸಿಕೊಂಡಳು. ಆ ಚಳಿಗಾಲ ನಾನು ಎರಡೂ ಶಾಲೆಗಳನ್ನು ನಿಜವಾಗಿ ತೂಗಿ ನೋಡಿದೆ. ಹೊಸ ಶಾಲೆ ಒಳ್ಳೆಯದೇ, ಅಲ್ಲಿನ ಲೈಬ್ರರಿಯಂಥದ್ದನ್ನು ನಾನು ಮತ್ತೆ ಬಹಳ ವರ್ಷ ಕಾಣಲಿಲ್ಲ. ಆದರೆ ಸಂಜೆ ಐದಕ್ಕೆ ಮನೆ ತಲುಪಿ, ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದ ಮನೆಗೆಲಸಕ್ಕೆ ಕೂತರೆ, ಅಪ್ಪನಿಗೆ ಪಾಠ ಹೇಳಲು ಉಳಿಯುತ್ತಿದ್ದದ್ದು ಹತ್ತು ನಿಮಿಷ. ಅವನು ಪ್ರಶ್ನೆ ಕೇಳಲು ಬಾಯಿ ತೆರೆದು, ನನ್ನ ನಿದ್ದೆಗಣ್ಣು ನೋಡಿ ಮುಚ್ಚುತ್ತಿದ್ದ. ಮಾರ್ಚಿನಲ್ಲಿ, ಪರೀಕ್ಷೆಗಳೆಲ್ಲ ಚೆನ್ನಾಗಿಯೇ ಮುಗಿದ ಮೇಲೆ, ಅಮ್ಮನೂ ಅಪ್ಪನೂ ಇರುವಾಗ ಹೇಳಿದೆ: ಶಾಹಿದಾಳ ಶಾಲೆ, ಬೆಳಗಿನ ಪಾಳಿ. ಯಾಕೆಂದೂ ಹೇಳಿದೆ. ಅಮ್ಮ ನನ್ನನ್ನು ದಿಟ್ಟಿಸಿ ನೋಡಿ, “ಕೂತು ಮಾತಾಡ್ತಾಳೆ ನೋಡಿ,” ಎಂದು ಅಪ್ಪನಿಗೆ ಹೇಳಿದಳು. ಮುಂದಿನ ಐದು ವರ್ಷ ಆ ಗಿಜಿಗಿಜಿ ತರಗತಿಗಳಲ್ಲೇ ಓದಿದೆ. ಒಬ್ಬ ಟೀಚರ್ ಕೊನೆಯವರೆಗೂ ನನ್ನನ್ನು ಗಿರಿಜಾ ಬದಲು ಗೀತಾ ಎಂದೇ ಕರೆದರು.

ಹೊಸ ಶಾಲೆಯಿಂದ ಟಿ.ಸಿ. ತರಲು ಮಾತು ಕೊಟ್ಟಂತೆ ಅಪ್ಪನೇ ಬಂದ. ಮರಳುವಾಗ ದಾರಿಯ ಕೆಫೆಟೇರಿಯಾ ಮುಂದೆ ಪಿಕಪ್ ನಿಲ್ಲಿಸಿ ಎರಡು ಚಹಾ ತರಿಸಿದ. ಮಧ್ಯಾಹ್ನದ ಬಿಸಿಲು, ಗಾಜು ಇಳಿಸಿ ಕೂತಿದ್ದೆವು. ಆ ಬುಧವಾರದ ಬಗ್ಗೆ ಅವನು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

“ನಿಮ್ಮ ಅಜ್ಜಗ ಸಹಿ ಬರ್ತಿರಲಿಲ್ಲ,” ಎಂದ ತಾನಾಗಿಯೇ. “ಹೆಬ್ಬಟ್ಟು ಒತ್ತತಿದ್ದ. ಪ್ರೋಗ್ರೆಸ್ ಕಾರ್ಡಿನ್ಯಾಗ ಎಲ್ಲಾರ ಅಪ್ಪಂದೂ ಸಹಿ, ನಂದರಾಗ ಅಷ್ಟ ನೀಲಿ ಹೆಬ್ಬಟ್ಟು. ಆರನೇ ಕ್ಲಾಸಿನ್ಯಾಗ ನಾನ ಅವನ ಹೆಸರ ಬರದು ಕೊಟ್ಟೆ.”

ನಾನು ಚಹಾ ಕುಡಿಯುವುದನ್ನು ನಿಲ್ಲಿಸಿದೆ.

“ಸಿಕ್ಕಿಬಿದ್ದಿ?”

“ಮಾಸ್ತರರಿಗೆ ಗೊತ್ತಿತ್ತಲ್ಲ ಅವಗ ಬರಿಯಾಕ ಬರೂದಿಲ್ಲ ಅಂತ. ಅವನ್ನ ಕರಿಸಿದ್ರು. ಕಾರ್ಡ್ ಕೈಯಾಗ ಕೊಟ್ರು.”

“ಅಜ್ಜ ಹೊಡದನೇನು?”

“ಇಲ್ಲ. ನಾ ಬರದ ಅಕ್ಷರದ ಮ್ಯಾಲ ಬಟ್ಟು ಇಟ್ಟು ಕೇಳಿದ, ಇದು ನನ್ನ ಹೆಸರೇನ್ರಿ ಮಾಸ್ತರ ಅಂತ. ತನ್ನ ಹೆಸರ ಬರದದ್ದು ಅವ ನೋಡಿದ್ದ ಅದ ಮೊದಲ. ಚಂದ ಬರದೀಯಲೇ ಅಂದ.” ಅಪ್ಪ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಎದುರಿನ ರಸ್ತೆ ನೋಡುತ್ತಿದ್ದ.

“ಅವತ್ತ ಯಾಕ ಹೇಳಲಿಲ್ಲಪ್ಪಾ ನನಗ?”

“ಅವತ್ತ ಹೇಳಿದ್ರ ನಿನ್ನ ತಪ್ಪು ಸಣ್ಣದಾಗತಿತ್ತು.”

ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸಿಟ್ಟ.

“‘ನಿನ್ನ ಹೆಬ್ಬಟ್ಟು ನೋಡಿ ನಾಚಿಕಿ ಆಗಿ ನಿನ್ನ ಹೆಸರ ಬರದೆ’ ಅಂತ ಅವಗ ನಾ ಹೇಳಲೇ ಇಲ್ಲ. ಅವ ಹೊಗಳಿದ, ನಾ ಹೂಂ ಅಂತ ನಿಂತೆ. ಅವ ಸಾಯೂತನಕ ಹೇಳಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದ. “ನೀ ಹೇಳಿದಿ.”

ಕೀಲಿ ತಿರುಗಿಸಿ, ಗಾಡಿ ರಸ್ತೆಗೆ ಇಳಿಸಿದ.